ಮಾವನ ಕಾರಿನ ಕಂದು ಬಾಗಿಲು

ಡ್ರಾಯಿಂಗ್ ಮೇಷ್ಟ್ರಿಗೆ ಸುಮ್ಮನೆ ಕೂರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ಕೂತರೆ ಮೊಣಕಾಲು ಕುಣಿಯುತ್ತಿತ್ತು, ನಿಂತರೆ ಕೈ ತುರಿಸುತ್ತಿತ್ತು. ರಜೆಯ ಮೊದಲ ದಿನವೇ ಆ ತುರಿಕೆ ಮಾವ ಬಿಟ್ಟುಕೊಟ್ಟ ಕಾರಿನ ಕಡೆ ತಿರುಗಿತು. ಮೂವತ್ತೆರಡು ವರ್ಷದ ಜಪಾನಿ ಕಾರು. ಎಂಜಿನ್ ಇನ್ನೂ ಗುಂಡುಕಲ್ಲು. ಆದರೆ ನಾಲ್ಕೂ ಬಾಗಿಲಿನ ಒಳಹೊದಿಕೆ ಮಾತ್ರ ಕಡುಕಂದು! ಒಳಗೆ ಕೂತರೆ ಯಾರದೋ ಹಳೇ ಬೂಟಿನೊಳಗೆ ಕೂತಂತೆ (ಇದು ಮೇಷ್ಟ್ರು ಮನಸ್ಸಿನಲ್ಲೇ ಮಾಡಿದ ಕಲಾವಿಮರ್ಶೆ, ಹೆಂಡತಿಯ ಕಿವಿಗೆ ಬಿದ್ದಿರಲಿಲ್ಲ).

"ಬಾಗಿಲಿಗೆ ತಿಳಿಬೂದು ಹಾಕಿಸಿದ್ರೆ ಹೇಗಿರುತ್ತೆ ಗೊತ್ತೇನೇ?"

"ಅಪ್ಪನ ಕಾರಿಗೆ ಕೈ ಹಚ್ಚಬೇಡಿ, ಹೇಳಿದೀನಿ."

ಕೈ ಹಚ್ಚಿ ಆಗಿತ್ತು. ಕ್ಲಿಪ್ಪುಗಳು ಟಕ್ ಟಕ್ ಎಂದು ಹಾರಿ, ಹೊದಿಕೆಗಳು ಬಿಸ್ಕತ್ತಿನಂತೆ ಮುರಿದು, ಬೆಳಗಿನ ಕಸದ ಗಾಡಿಯಲ್ಲಿ ಹೊರಟೂ ಹೋಗಿದ್ದವು.

ಮಧ್ಯಾಹ್ನ ಮಾವನ ಫೋನು ಬಂತು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ, ಈಗ ಎಲ್ಲ ನಿಚ್ಚಳ, ಶನಿವಾರ ಬಂದು ಮೊದಲು ಕಾರು ನೋಡಬೇಕಂತೆ!

"ಅಷ್ಟು ವರ್ಷ ಆ ಬಾಗಿಲನ್ನ ಕರ್ಚೀಫಲ್ಲಿ ಒರೆಸಿದಾರೆ ರೀ ಅಪ್ಪ. ಕಂದು ಬಾಗಿಲು ಸಿಗದೇ ಹೋದ್ರೆ ನೀವೂ ಮನೆಗೆ ಬರಬೇಡಿ" ಎಂದಳು ಹೆಂಡತಿ, ಬೋಳು ಬಾಗಿಲುಗಳನ್ನು ಕಂಡವಳೇ.

ಇಡೀ ಬಂಧುಬಳಗದಲ್ಲಿ "ನಮ್ಮ ಅಳಿಯಂದ್ರು ಕಲಾವಿದರು" ಎಂದು ನಗದೆ ಹೇಳುತ್ತಿದ್ದವರು ಮಾವ ಒಬ್ಬರೇ. ಅವರನ್ನೂ ಕಳೆದುಕೊಂಡರೆ ಮೇಷ್ಟ್ರಿಗೆ ಉಳಿಯುವುದೇನು?

ಗುಜರಿ ಅಂಗಡಿಗಳ ಬೀದಿಗೆ ಓಡಿದರು. ಮೊದಲ ಅಂಗಡಿಯವನು ಕಾರಿನ ಮಾಡೆಲ್ ಕೇಳಿ ತಲೆಯಾಡಿಸಿದ. "ಸಾರ್, ಇದಕ್ಕೆ ಕಂದು ಬರ್ಲೇ ಇಲ್ಲ. ಬೂದು ಒಂದೇ."

"ನನಗೆ ಹೇಳ್ತೀಯೇನಯ್ಯಾ? ನಮ್ಮ ಮಾವ ಆವಾಗ ಶೋರೂಮಿಂದ್ಲೇ ತಗೊಂಡ ಕಾರು! ಕಣ್ಣಾರೆ ಕಂಡಿದೀನಿ!"

ಎರಡನೆಯವನೂ ಅದನ್ನೇ ಹೇಳಿದ, ಮೂರನೆಯವನೂ ಅದನ್ನೇ. ಇಡೀ ಬೀದಿ ತಮ್ಮ ವಿರುದ್ಧ ಒಳಸಂಚು ಹೂಡಿದೆಯೆಂದು ಮೇಷ್ಟ್ರು ತೀರ್ಮಾನಿಸಿದರು. ಗುರುವಾರ ನಾಲ್ಕನೆಯ ಅಂಗಡಿಯಲ್ಲಿ, ಮೂತಿ ಜಜ್ಜಿಹೋದ ಅದೇ ಮಾಡೆಲಿನ ಕಾರೊಂದರೊಳಗೆ ನಾಲ್ಕು ಹೊದಿಕೆಗಳಿದ್ದವು. ಗೀರಿಲ್ಲ, ಕಲೆಯಿಲ್ಲ. ತಿಳಿಬೂದು. ಮೇಷ್ಟ್ರು ಕನಸಿನಲ್ಲಿ ಕಂಡ ಬೂದು!

ಅವನ್ನು ಮಗುವಿನಂತೆ ಎತ್ತಿ ತಂದು, ಶುಕ್ರವಾರವಿಡೀ ತಮ್ಮ ಕೈಯಾರೆ ಕಂದು ಬಳಿದರು. ಹೆಂಡತಿ ಹಳೇ ಫೋಟೋ ಹಿಡಿದು ಪಕ್ಕದಲ್ಲೇ ನಿಂತಿದ್ದಳು. "ಇನ್ನೂ ಕಪ್ಪಾಗ್ಬೇಕು. ಅಲ್ಲ, ಕೆಂಪಾಗ್ಬೇಕು. ಯಾಕ್ರೀ ಅಳ್ತಿದೀರಾ?"

"ಪೇಂಟಿನ ಘಾಟು" ಎಂದರು ಮೇಷ್ಟ್ರು.

ಶನಿವಾರ ಮಾವ ಬಿಳಿ ಅಂಗಿ ತೊಟ್ಟು ಬಂದರು. ಸ್ಟೀರಿಂಗ್ ಹಿಂದೆ ಕೂತು, ಎಂದಿನಂತೆ ಮೊಣಕೈಯನ್ನು ಬಾಗಿಲಿಗೆ ಊರಿದರು. ಎತ್ತಿದಾಗ ಅರ್ಧ ತೋಳು ಕಂದು.

"ಅಳಿಯಂದ್ರೇ, ಇದನ್ನ ನೀವು ಬಳಿದಿದ್ದಾ?"

ಮೇಷ್ಟ್ರು ಕ್ಲಿಪ್ಪಿನಿಂದ ಕಸದ ಗಾಡಿಯವರೆಗೆ ಎಲ್ಲವನ್ನೂ ಕಕ್ಕಿದರು. ಮಾವ ಹಣೆ ಚಚ್ಚಿಕೊಂಡರು.

"ಅಯ್ಯೋ! ಕಂಪನಿಯಿಂದ ಬಂದಿದ್ದು ಬೂದೇ ಕಣ್ರೀ. ನಿಮ್ಮ ಹೆಂಡ್ತಿ ಚಿಕ್ಕವಳಿದ್ದಾಗ ಇಂಕಿನ ಬಾಟ್ಲು ಪೂರ್ತಿ ಸುರಿದ್ಲು. ಉಜ್ಜಿದಷ್ಟೂ ಹರಡ್ತು. ಕೊನೆಗೆ ಚಪ್ಪಲಿ ಹೊಲಿಯೋನ ಹತ್ರ ಬಣ್ಣ ತಂದು ನಾಲ್ಕೂ ಬಾಗಿಲಿಗೆ ಬಳಿದೆ. ಅವತ್ತಿಂದ ಅದನ್ನ ಕಂಡ್ರೆ ನನಗೆ ಮೈಯುರಿ, ಒರೆಸಿ ಒರೆಸಿ ಸಾಕಾಯ್ತು, ಹೋಗ್ಲಿಲ್ಲ. ಕಲಾವಿದರ ಕೈಗೆ ಕೊಟ್ರೆ ಒಂದಿನ ಬೂದು ಮಾಡೇ ಮಾಡ್ತಾರೆ ಅಂತ ಕಾರು ನಿಮಗೆ ಕೊಟ್ಟೆ. ಅದನ್ನೇ ನೋಡೋಣ ಅಂತ ಬಂದೆ!"

ಮೇಷ್ಟ್ರು ಹೆಂಡತಿಯನ್ನು ದುರುಗುಟ್ಟಿ ನೋಡಿದರು.

"ನನ್ನೇನ್ ನೋಡ್ತೀರಿ? ಆಗ ನನಗೆ ಮೂರು ವರ್ಷ. ನಿಮಗೀಗ ನಲವತ್ಮೂರು."

ಮಾವ ಹೊಸ ಕಣ್ಣುಗಳನ್ನು ಬಾಗಿಲಿನ ಹತ್ತಿರಕ್ಕೆ ಒಯ್ದರು. "ಆದ್ರೂ ಆ ದರಿದ್ರ ಬಣ್ಣಾನ ಒಂಚೂರೂ ತಪ್ಪದೆ ಹಿಡಿದಿದೀರಲ್ಲ! ಕಲಾವಿದರು ಅಂದ್ರೆ ನೀವೇ ಬಿಡಿ."

ಅವರು ನಗಲಿಲ್ಲ, ನಿಜವಾಗಿಯೇ ಹೇಳಿದರು. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ರಜೆ ಶುರುವಾದ ಮೇಲೆ ಮೊದಲ ಸಲ ಅವರ ಮೊಣಕಾಲು ಕುಣಿಯುತ್ತಿರಲಿಲ್ಲ.