ದೊಡ್ಡ ವೈರು, ಸಣ್ಣ ವೈರು

ಈ ಪ್ರಸಂಗ ನಾನು ಹೇಳುವ ಹಾಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಮದುವೆಮನೆಗಳಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಇದನ್ನು ಹೇಳಿದ್ದೇನೆ. ಹೇಳಿ ಹೇಳಿ, ಯಾವುದು ನಿಜವಾಗಿ ನಡೆದದ್ದು, ಯಾವುದು ಕೇಳುವವರು ನಗಲಿ ಎಂದು ನಾನು ಸೇರಿಸಿದ್ದು ಎಂಬುದು ನನಗೇ ಕಲಸುಮೇಲೋಗರವಾಗಿದೆ. ಅದು ಭಾನುವಾರ ಎಂದು ನಾನು ಹೇಳಿದರೆ, "ಭಾನುವಾರ ಅಲ್ಲವೇ ಅಲ್ಲ, ಸರಸ್ವತಿ ಪೂಜೆಯ ರಜೆ" ಎಂದು ನನ್ನ ಹೆಂಡತಿ ಎಲ್ಲರೆದುರು ತಿದ್ದುತ್ತಾಳೆ. ಇರಬಹುದು. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ನನ್ನ ಹೆಂಡತಿಯ ಚಿಕ್ಕಪ್ಪ ಸಂಗೀತ ಕೇಳುವುದಿಲ್ಲ. ಅವರು ಕೇಳುವುದು ಸ್ಪೀಕರನ್ನು!

ಚಿಕ್ಕಪ್ಪ ಉಡುಪಿಯ ಕಡೆಯವರು. ಹದಿನಾರನೆಯ ವಯಸ್ಸಿಗೆ ಚೆನ್ನೈಗೆ ಬಂದು, ಪುರಸೈವಾಕ್ಕಂನಲ್ಲಿ ಒಂದು ಸಸ್ಯಾಹಾರಿ ಹೋಟೆಲು ಕಟ್ಟಿ, ನಲವತ್ತು ವರ್ಷ ಗಲ್ಲಾದಲ್ಲಿ ಕೂತವರು. ಗ್ರೈಂಡರಿನ ಗರಗರ, ತಟ್ಟೆಗಳ ಠಣಠಣ, "ರೆಂಡು ನೆಯ್ ರೋಸ್ಟ್!" ಎಂದು ತುಪ್ಪದ ದೋಸೆ ಕೇಳುವ ಕೂಗು, ಹೊರಗೆ ಬಸ್ಸಿನ ಹಾರನ್. ಅಂಥ ಕಿವಿಗಳನ್ನು ಹೊತ್ತುಕೊಂಡು, ಹೋಟೆಲನ್ನು ಮಗನಿಗೆ ಒಪ್ಪಿಸಿ ಮನೆಗೆ ಬಂದರು. ಎರಡು ತಿಂಗಳು ಸುಮ್ಮನೆ ಗೋಡೆ ನೋಡಿದರು. ಮೂರನೆಯ ತಿಂಗಳು ಮನೆಗೆ ಎರಡು ಸ್ಪೀಕರ್ ಬಂದವು. ಸ್ಪೀಕರ್ ಎಂದರೆ ಏನೆಂದುಕೊಂಡಿರಿ? ಒಂದೊಂದೂ ನನ್ನ ಭುಜದೆತ್ತರ! ಮೊದಲ ಸಲ ನೋಡಿದಾಗ, ಯಾರೋ ಹಿರಿಯರು ನಿಂತಿದ್ದಾರೆಂದು ನಾನು ಕೈಮುಗಿಯುವುದರಲ್ಲಿದ್ದೆ.

"ಎರಡೆರಡು ಬೀರು ತಂದು ನಿಲ್ಲಿಸಿದ್ದಾರೆ ಮಾರಾಯ್ರೆ," ಎಂದರು ಚಿಕ್ಕಮ್ಮ. "ಒಳಗೆ ಒಂದು ಸೀರೆ ಇಡ್ಲಿಕ್ಕೂ ಜಾಗ ಇಲ್ಲ!"

ಸ್ಪೀಕರ್ ಬಂದ ದಿನದಿಂದಲೇ ಅದರ ಸುಧಾರಣೆ ಶುರುವಾಯಿತು. ನಾನು ಭೌತಶಾಸ್ತ್ರ ಓದಿದವನು, ಅದನ್ನೇ ಕಾಲೇಜಿನಲ್ಲಿ ಪಾಠ ಮಾಡುವವನು, ಹುಟ್ಟು ಸಂಶಯಪಿಶಾಚಿ. ಆದರೆ ಚಿಕ್ಕಪ್ಪನ ಭೌತಶಾಸ್ತ್ರ ಬೇರೆ. ಅದು ಅಡುಗೆಮನೆಯಲ್ಲಿ ಹುಟ್ಟಿದ್ದು.

"ಹೊಸ ಸ್ಪೀಕರ್ ಅಂದ್ರೆ ಹೊಸ ದೋಸೆ ಕಾವಲಿ ಇದ್ದ ಹಾಗೆ. ಮೊದಲ ನೂರು ದೋಸೆ ಏಳುದೇ ಇಲ್ಲ. ಇದು ಪಳಗಬೇಕು," ಎನ್ನುತ್ತಾ, ಯಾರೂ ಇಲ್ಲದ ಹಾಲಿನಲ್ಲಿ ಒಂದು ವಾರ ಹಗಲೆಲ್ಲ ಅದನ್ನು ಹಾಡಿಸಿದರು. ಮೃದಂಗದ ಸದ್ದು ತುಸು ಹೆಚ್ಚಾದರೆ "ಹುಳಿ ಬಂದಿದೆ" ಎನ್ನುವರು. ಪಿಟೀಲು ಕಿರುಚಿದರೆ "ಇದು ಸೀದದ್ದು." ಸ್ಪೀಕರ್ ಅಲುಗಾಡಬಾರದೆಂದು ಹೋಟೆಲಿನ ಹಿತ್ತಿಲಲ್ಲಿ ಬಿದ್ದಿದ್ದ ಎರಡು ಹಳೆಯ ರುಬ್ಬುವ ಕಲ್ಲುಗಳನ್ನು ಮಟ್ಟಸವಾಗಿ ಕೊಯ್ಯಿಸಿ ತಂದು ಅಡಿಗಿಟ್ಟರು.

"ಇಪ್ಪತ್ತು ವರ್ಷ ಉದ್ದು ಅರೆದ ಕಲ್ಲು. ಇದು ಹಂದುದಿಲ್ಲ," ಎಂದರು ಹೆಮ್ಮೆಯಿಂದ.

"ಹೌದು, ಈಗ ಸಂಗೀತ ಚೆನ್ನಾಗಿ ನುಣ್ಣಗೆ ಬರ್ತಿದೆ," ಎಂದೆ ನಾನು, ತಮಾಷೆಗೆ.

"ಅಲ್ವಾ? ನಿಮಗೂ ಗೊತ್ತಾಯ್ತಾ!" ಎಂದು ಅವರು ನನ್ನ ಕೈಯನ್ನೇ ಹಿಡಿದುಕೊಂಡರು. ಇಂಥವರನ್ನು ಲೇವಡಿ ಮಾಡುವುದಾದರೂ ಹೇಗೆ?

ಗೋಡೆಗೆ ಬಡಿದು ಸದ್ದು ವಾಪಸು ಬರುತ್ತದೆಂದು, ದಪ್ಪ ಬಟ್ಟೆ ತರಲು ಒಮ್ಮೆ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದರು. ಅಲ್ಲಿ ಪ್ರತಿ ಥಾನಿನ ಮುಂದೆ ನಿಂತು ಚಪ್ಪಾಳೆ ತಟ್ಟುವುದು, ಕತ್ತು ವಾಲಿಸಿ ಕೇಳುವುದು, ತಲೆಯಾಡಿಸಿ ಮುಂದಿನ ಥಾನಿಗೆ ಹೋಗುವುದು. ಸುತ್ತ ಜನ ಸೇರಿದರು. ಮಾರುವವನು ತಾಳ್ಮೆಯಿಂದಲೇ ಕೇಳಿದ:

"ಜನ್ನಲುಕ್ಕಾ ಸಾರ್, ಕದವುಕ್ಕಾ?"

ಕಿಟಕಿಗೋ ಬಾಗಿಲಿಗೋ ಎಂದರೆ ಚಿಕ್ಕಪ್ಪ ಏನು ಹೇಳಬೇಕು? "ಕಾದುಕ್ಕು!" ಎಂದರು. ಕಿವಿಗೆ!

ಅವನು ಒಳಗೆ ಹೋಗಿ, ಬಹಳ ಹುಡುಕಿ, ಒಂದು ಮಂಕಿ ಟೋಪಿ ತಂದುಕೊಟ್ಟ.

ಇಷ್ಟೆಲ್ಲ ಮಾಡಿ ಅವರು ಕೇಳುತ್ತಿದ್ದುದೇನು? ಒಂದೇ ಒಂದು ವೀಣೆಯ ಧ್ವನಿಮುದ್ರಣ. ಅದರಲ್ಲೂ ಮೊದಲ ಒಂದು ನಿಮಿಷ. "ಈಗ ಕೇಳಿ... ಈಗ! ವೀಣೆಯವರು ಮೂಗಿನಲ್ಲಿ ಉಸಿರು ಬಿಟ್ರು. ಕೇಳಿಸ್ತಾ?"

"ಕೇಳಿಸ್ತು. ಇದು ಯಾವ ರಾಗ ಚಿಕ್ಕಪ್ಪ?"

"ಅದೆಲ್ಲ ನಾನು ಗಮನಿಸ್ಲಿಲ್ಲ."

ಕೊನೆಗೆ ಸ್ಪೀಕರಿಗೆ ಹೊಸ ವೈರು ಬಂತು. ಹೆಬ್ಬೆರಳಿನ ಗಾತ್ರ, ಮೇಲೆ ಹಾವಿನ ಪೊರೆಯಂಥ ಹೊದಿಕೆ. ಅದು ಬಂದ ಮೇಲೆ ವೀಣೆಯ ತಂತಿಗಳನ್ನು ಒಂದೊಂದಾಗಿ ಎಣಿಸಬಹುದು ಎಂದರು ಚಿಕ್ಕಪ್ಪ. ನನ್ನೊಳಗಿನ ಮೇಷ್ಟ್ರು ಇನ್ನು ತಡೆದುಕೊಳ್ಳಲಿಲ್ಲ. ಮೂಲೆಯ ಎಲೆಕ್ಟ್ರಿಕ್ ಅಂಗಡಿಯ ಸಾಮಾನ್ಯ ವೈರಿನಲ್ಲೂ ಅದೇ ಸದ್ದು ಬರುತ್ತದೆ, ವ್ಯತ್ಯಾಸವೆಲ್ಲ ಮನಸ್ಸಿನದು ಎಂದುಬಿಟ್ಟೆ. ಚಿಕ್ಕಪ್ಪನ ಮುಖ ಕೆಂಪಾಯಿತು.

"ಕಣ್ಣು ಕಟ್ಟಿ ಪರೀಕ್ಷೆ ಮಾಡಿ! ಹತ್ತರಲ್ಲಿ ಎಂಟು ಸರಿ ಹೇಳದಿದ್ರೆ ಇಡೀ ಸೆಟ್ಟನ್ನು ಆ ಅಡ್ಯಾರಿನ ಡಾಕ್ಟರಿಗೆ ಕೊಟ್ಟುಬಿಡ್ತೇನೆ."

ಅಡ್ಯಾರಿನ ಡಾಕ್ಟರೊಬ್ಬರು ಆ ಸ್ಪೀಕರುಗಳ ಮೇಲೆ ಕಣ್ಣಿಟ್ಟು ವರ್ಷವಾಗಿತ್ತು. ಅಡುಗೆಮನೆಯಿಂದ ಚಿಕ್ಕಮ್ಮ ಸೌಟು ಹಿಡಿದೇ ಓಡಿಬಂದರು. "ಕೇಳಿದಿರಲ್ಲ? ನೀವೇ ಸಾಕ್ಷಿ. ಹಾಲಿನಲ್ಲಿ ಎರಡು ಕುರ್ಚಿ ಹಾಕ್ಲಿಕ್ಕಾದ್ರೂ ಜಾಗ ಆಗ್ತದೆ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಚಿಕ್ಕಪ್ಪ ಸ್ಪೀಕರಿನ ತಲೆಯ ಮೇಲೆ ಕೈಯಿಟ್ಟುಕೊಂಡು, ಮಗುವಿನ ಹಾಗೆ ನನ್ನನ್ನು ನೋಡಿದರು. "ಸೋತ್ರೆ, ಮತ್ತೆ ನಾನು ಇಡೀ ದಿನ ಎಂತ ಮಾಡುದು?" ಎಂದರು ಮೆಲ್ಲಗೆ. ಆ ನೋಟ ನಿಜವಾಗಿ ನಡೆದದ್ದೇ. ಅದನ್ನು ನಾನು ಸೇರಿಸಿದ್ದಲ್ಲ ಎಂದುಕೊಂಡಿದ್ದೇನೆ. ಆಗಲೇ ನಾನು ಪರೀಕ್ಷೆಯನ್ನು ನಗೆಯಲ್ಲಿ ತೇಲಿಸಿಬಿಡಬಹುದಿತ್ತು. ತೇಲಿಸಲಿಲ್ಲ. ವಿಜ್ಞಾನ!

ಏರ್ಪಾಡು ಪಕ್ಕಾ ಇತ್ತು. ಹಾಡಿಸುವ ಯಂತ್ರವನ್ನು ಪಕ್ಕದ ಕೋಣೆಯಲ್ಲಿಟ್ಟು ಬಾಗಿಲಿಗೆ ದಪ್ಪ ಪರದೆ ಎಳೆದೆವು. ಎರಡು ಜೊತೆ ವೈರುಗಳೂ ಸ್ಪೀಕರಿನಿಂದ ಅಲ್ಲಿಯವರೆಗೆ ಹೋಗುತ್ತಿದ್ದವು. ಪರದೆಯ ಹಿಂದೆ ಚಿಕ್ಕಮ್ಮ. ಪ್ರತಿ ಸಲ ನಾಣ್ಯ ಚಿಮ್ಮಿ, ದೊಡ್ಡದನ್ನೋ ಸಣ್ಣದನ್ನೋ ಯಂತ್ರಕ್ಕೆ ಸಿಕ್ಕಿಸಿ, ಚೀಟಿಯಲ್ಲಿ 'ದೊ' ಅಥವಾ 'ಸ' ಎಂದು ಬರೆದು, ವೀಣೆ ಶುರು ಮಾಡಬೇಕು. ಯಾವುದು ಹಾಕಿದ್ದಾರೆಂದು ನನಗೂ ಗೊತ್ತಾಗಬಾರದು. ಸ್ಪೀಕರುಗಳು ತೊಲಗಲೆಂದು ಕಾದು ಕೂತಿರುವ ಚಿಕ್ಕಮ್ಮನಿಗಿಂತ ನಿಷ್ಪಕ್ಷಪಾತಿ ಎಲ್ಲಿ ಸಿಗಬೇಕು? ದಾಖಲೆಗಿರಲೆಂದು ನನ್ನ ಫೋನನ್ನು ಪರದೆಯ ಬುಡದಲ್ಲಿ ಸ್ಟೂಲಿನ ಮೇಲೆ ರೆಕಾರ್ಡಿಗಿಟ್ಟೆ. ಚಿಕ್ಕಪ್ಪನ ಕಣ್ಣಿಗೆ ಟವೆಲು ಕಟ್ಟಿ ಕುರ್ಚಿಯಲ್ಲಿ ಕೂರಿಸಿದೆ.

"ಹಾಕಿದೆ ಆಯ್ತಾ!" ಎಂದು ಪರದೆಯ ಹಿಂದಿನಿಂದ ಕೂಗು. ವೀಣೆ ನುಡಿಯಿತು. ಚಿಕ್ಕಪ್ಪ ತಲೆ ವಾಲಿಸಿದರು. "ದೊಡ್ಡದು."

"ಹಾಕಿದೆ!" ಮತ್ತೆ ವೀಣೆ. ಚಿಕ್ಕಪ್ಪ ಮುಖ ಹಿಂಡಿದರು. "ಥೂ, ನೀರು ಹೆಚ್ಚಾದ ಸಾರು. ಸಣ್ಣದು."

ಹೀಗೆ ಹತ್ತು ಸಲ. ಟವೆಲು ಬೆವರಿನಲ್ಲಿ ಒದ್ದೆಯಾಯಿತು. ಕೊನೆಗೆ ಚೀಟಿಯನ್ನೂ ಉತ್ತರಗಳನ್ನೂ ಹೋಲಿಸಿದೆ. ಹತ್ತರಲ್ಲಿ ಒಂಬತ್ತು ಸರಿ!

ಚಿಕ್ಕಪ್ಪ ಎದ್ದು ಸ್ಪೀಕರನ್ನು ಅಪ್ಪಿಕೊಂಡರು. "ಇನ್ನು ಸಾಯುವ ತನಕ ಈ ಬೀರುಗಳ ಧೂಳು ಒರೆಸುದೇ ನನ್ನ ಹಣೆಬರಹ," ಎಂದು ಚಿಕ್ಕಮ್ಮ ಬೈದುಕೊಂಡು ಅಡುಗೆಮನೆಗೆ ಹೋದರು. ನಾನು ಮಾತ್ರ ಕಕ್ಕಾಬಿಕ್ಕಿ. ಸುಮ್ಮನೆ ಊಹಿಸಿದರೆ ಹತ್ತರಲ್ಲಿ ಒಂಬತ್ತು ಸರಿಯಾಗುವುದು ನೂರರಲ್ಲೊಂದು ಸಲ. ಹಾಗಾದರೆ ನಾನು ಓದಿದ್ದೇ ತಪ್ಪೇ? ಈ ಗಲ್ಲಾದ ಕಿವಿಗೆ ಕೇಳುವುದು ನನ್ನ ಪಠ್ಯಪುಸ್ತಕಕ್ಕೆ ಕೇಳುವುದಿಲ್ಲವೇ? ಅಂದಿನಿಂದ ತರಗತಿಯಲ್ಲಿ ವಿದ್ಯುತ್ ರೋಧದ ಪಾಠ ಬಂದರೆ ಸಾಕು, ನನ್ನ ದನಿ ತಾನಾಗಿ ತಗ್ಗುತ್ತಿತ್ತು.

ಕಳೆದ ತಿಂಗಳು ಹಳೆಯ ಫೋನಿನ ಫೋಟೋಗಳನ್ನು ಹೊಸದಕ್ಕೆ ತುಂಬಿಸುವಾಗ ಆ ರೆಕಾರ್ಡಿಂಗ್ ಸಿಕ್ಕಿತು. ಜೊತೆಗೆ ಚೀಟಿಯ ಫೋಟೋ ಕೂಡ. ಕುತೂಹಲಕ್ಕೆ ಕೇಳುತ್ತಾ ಹೋದೆ. ನಾಲ್ಕನೆಯ ಸಲಕ್ಕೆ ಬರುವಾಗ ಏನೋ ಚುಚ್ಚಿದಂತಾಗಿ, ಹಿಂದಕ್ಕೆ ಹೋಗಿ, ಕಾಗದ ಪೆನ್ನು ಹಿಡಿದು ಕೂತೆ.

ಕರಾವಳಿಯವರ 'ಆಯ್ತಾ' ಪ್ರಶ್ನೆಯಲ್ಲ. ಮಾತಿನ ತುದಿಗೆ ಅಂಟಿಕೊಳ್ಳುವ ಒಂದು ಬಾಲ. ನಾನು ಮೈಸೂರಿನವನು. ಮದುವೆಯಾದ ಹೊಸತರಲ್ಲಿ ಹೆಂಡತಿ "ನಾನು ಹೊರಟೆ ಆಯ್ತಾ" ಎಂದರೆ, "ಆಯಿತೋ ಇಲ್ಲವೋ ನನಗೇನು ಗೊತ್ತು!" ಎನ್ನುತ್ತಿದ್ದೆ. ಆಮೇಲೆ ಆ ಬಾಲ ನನ್ನ ಕಿವಿಗೆ ಬೀಳುವುದೇ ನಿಂತುಹೋಯಿತು. ಬೇರೆಯವರ ಕಿವಿ ಪರೀಕ್ಷಿಸಲು ಹೊರಟ ಮಹಾನುಭಾವ ನಾನು!

ಚಿಕ್ಕಮ್ಮ ದೊಡ್ಡ ವೈರು ಹಾಕಿದಾಗೆಲ್ಲ "ಹಾಕಿದೆ ಆಯ್ತಾ" ಎಂದಿದ್ದಾರೆ. ಸಣ್ಣದಕ್ಕೆ ಬರೀ "ಹಾಕಿದೆ." ಏಳನೆಯ ಸಲ ಚೀಟಿಯಲ್ಲಿ 'ಸ' ಎಂದಿದೆ. ಆದರೆ ಆ ಸಲ, ಬಾಯಿಯ ಅಭ್ಯಾಸಕ್ಕೋ ಏನೋ, 'ಆಯ್ತಾ' ಬಂದುಬಿಟ್ಟಿದೆ. ಚಿಕ್ಕಪ್ಪ ತಪ್ಪಿದ್ದು ಆ ಒಂದೇ ಸಲ. ವೀಣೆ ಎದುರಿಗೇ ನುಡಿಯುತ್ತಿದ್ದರೂ ಅವರು ನಂಬಿದ್ದು ಹೆಂಡತಿಯ ಮಾತಿನ ಬಾಲವನ್ನು.

ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೇ? ಅಥವಾ ಚಿಕ್ಕಮ್ಮ ತಾವಾಗಿ ಶುರುಮಾಡಿ, ಎರಡನೆಯ ಸಲಕ್ಕೇ ಚಿಕ್ಕಪ್ಪನಿಗೆ ಹೊಳೆಯಿತೇ? ಚಿಕ್ಕಪ್ಪನಿಗೆ ತಾನು ವೈರನ್ನೇ ಕೇಳಿದೆನೆಂಬ ನಂಬಿಕೆ ಇಂದಿಗೂ ಇದೆಯೇ? ತಿಳಿಯದು. ಫೋನ್ ಮಾಡಿ ವಿಚಾರಿಸಬಹುದು; ವಿಚಾರಿಸಿಲ್ಲ. ಅವತ್ತು ಭಾನುವಾರವೇ ಎಂಬುದೂ ಇತ್ಯರ್ಥವಾಗಿಲ್ಲ. ಒಂದನ್ನು ಮಾತ್ರ ಮಗಳ ಹೆಡ್‌ಫೋನ್ ಹಾಕಿಕೊಂಡು, ಮೂರು ಸಲ ಹಿಂದೆ ಮುಂದೆ ಮಾಡಿ ಖಚಿತಪಡಿಸಿಕೊಂಡಿದ್ದೇನೆ: ಏಳನೆಯ ಸಲ ಚಿಕ್ಕಪ್ಪ "ದೊಡ್ಡದು" ಎಂದ ಮರುಕ್ಷಣ, ಪರದೆಯ ಹಿಂದೆ, ಹಾಲಿನಲ್ಲಿದ್ದ ಯಾರಿಗೂ ಕೇಳಿಸದಷ್ಟು ಸಣ್ಣಗೆ, ಚಿಕ್ಕಮ್ಮ "ಅಯ್ಯೋ" ಎಂದಿದ್ದಾರೆ.