ಹತ್ತು ಸಲದ ಬೀಗ

ಹೆಂಡತಿಯ ಅಣ್ಣ ಹಡಗಿನಲ್ಲಿ ಅಡಿಗೆ ಮಾಡುವವನು. ಎರಡು ವರ್ಷಕ್ಕೊಮ್ಮೆ ದಡ ಹತ್ತಿ ಬಂದಾಗ ತಂಗಿಯ ಮನೆಗೆ ಏನಾದರೊಂದು ಹೊತ್ತು ತರುವುದು ಅವನ ವಾಡಿಕೆ. ಹಿಂದಿನ ಸಲ ತಂದ ಗಡಿಯಾರ ಇಂದಿಗೂ ಯಾವುದೋ ಬೇರೆ ದೇಶದ ಹೊತ್ತನ್ನೇ ತೋರಿಸುತ್ತದೆ. ಈ ಸಲ ತಂದದ್ದು ಒಂದು ಸ್ಮಾರ್ಟ್‌ಫೋನು.

"ಭಾವ, ಇನ್ಮೇಲೆ ಆ ಡಬ್ಬಾ ಫೋನು ಹಿಡ್ಕೊಂಡು ಓಡಾಡ್ಬೇಡಿ. ನಂಗೆ ನಾಚ್ಕೆ ಆಗತ್ತೆ," ಎಂದು ಹೇಳಿ ಅವನು ಹಡಗು ಹತ್ತಿದ. ಡಬ್ಬಾ ಫೋನನ್ನು ಅತ್ತೆಯವರು "ನಂಗಿದೇ ಸಾಕು" ಎಂದು ಎತ್ತಿಕೊಂಡು ಅದೇ ಸಂಜೆಯ ಬಸ್ಸಿಗೆ ತಮ್ಮ ಊರಿಗೆ ಹೊರಟರು. ಯಾರೂ ತಡೆಯಲಿಲ್ಲ. ಹೊಸ ಫೋನಿಗೆ ಇನ್ನೂ ಹಾಕದೆ ಉಳಿದ ಸಿಮ್ಮು ಮಾತ್ರ ಒಂದು ಬಟ್ಟಲಿನಲ್ಲಿ ಕೂತಿತ್ತು.

ಮರುದಿನ ಬೆಳಿಗ್ಗೆ ಅದನ್ನು ಹಾಕಿ ನೋಡಿದರೆ ಪರದೆಯ ಮೇಲೆ ಒಂದು ಬೀಗದ ಚಿತ್ರ, ಅದರ ಕೆಳಗೆ ಎಂಟು ಖಾಲಿ ಮನೆ. ಸಿಗ್ನಲ್ಲಿನ ಸುಳಿವೇ ಇಲ್ಲ.

ಬೇರೆ ದಿನವಾಗಿದ್ದರೆ ಇದೊಂದು ದೊಡ್ಡ ವಿಷಯವಲ್ಲ. ಆದರೆ ಅವತ್ತು ಈ ಭಾವನ ಹಣೆಬರಹವೇ ಫೋನಿನಲ್ಲಿ ಬರುವುದಿತ್ತು. ನೀರು ಸರಬರಾಜು ಕಚೇರಿಯ ಕಡತಗಳ ಕೋಣೆಯಲ್ಲಿ ಅವನು ಹದಿಮೂರು ವರ್ಷದಿಂದ ಹಂಗಾಮಿ ನೌಕರ. ಎಂಬತ್ತೊಂಬತ್ತು ದಿನ ಕೆಲಸ, ಒಂದು ದಿನ ಮನೆ, ಮತ್ತೆ ಹೊಸದಾಗಿ ನೇಮಕ. ಹೀಗೆ ಐವತ್ತು ಸಲ ಕೆಲಸಕ್ಕೆ ಸೇರಿದ ಮನುಷ್ಯ. ಕಚೇರಿಯಲ್ಲಿ ಅವನ ಹೆಸರೇ ಹಂಗಾಮಿ ಎಂದಾಗಿ, ಮಗಳ ಶಾಲೆಯ ಫಾರಮ್ಮಿನಲ್ಲಿ ತನ್ನ ಹೆಸರು ಬರೆಯುವಾಗ ಅವನೇ ಒಂದು ಕ್ಷಣ ಯೋಚಿಸುವಂತಾಗಿತ್ತು. ಈಗ ಮುಖ್ಯ ಕಚೇರಿಯವರು ಒಂದೇ ಒಂದು ಕಾಯಂ ಹುದ್ದೆ ತೆಗೆದಿದ್ದರು. ಆಯ್ಕೆಯಾದವನಿಗೆ ಇವತ್ತು ಹತ್ತರಿಂದ ಐದರೊಳಗೆ ಫೋನು ಬರುತ್ತದೆ. ಅಲ್ಲೇ, ಆಗಲೇ, ಬಾಯಲ್ಲಿ ಒಪ್ಪಿಗೆ ಹೇಳಬೇಕು. ಎತ್ತದಿದ್ದರೆ ಪಟ್ಟಿಯಲ್ಲಿರುವ ಮುಂದಿನವನಿಗೆ.

"ಫೋನು ಬಂದ ತಕ್ಷಣ ಪಕ್ಕದ ಮನೆಯವ್ರ ನಂಬರಿಗೆ ಮಾಡಿ. ನಾನು ಅಲ್ಲೇ ಕೂತಿರ್ತೀನಿ," ಎಂದಿದ್ದಳು ಹೆಂಡತಿ. ಅವಳು ಹದಿಮೂರು ವರ್ಷದಿಂದ ನೆಂಟರಿಷ್ಟರಿಗೆ "ಇನ್ನೇನು ಆಗತ್ತೆ" ಎಂದು ಹೇಳಿ ಹೇಳಿ ಸೋತವಳು. ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಹಂಗಾಮಿ ಮೊಬೈಲ್ ಅಂಗಡಿಯೊಳಗೆ ನುಗ್ಗಿದ. ರಿಪೇರಿಯವನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸಾರ್, ಇದು ಆ ದೇಶದ ಕಂಪನಿಗೆ ಕಟ್ಟು ಹಾಕಿರೋ ಫೋನು. ಅವರ ಸಿಮ್ಮು ಬಿಟ್ರೆ ಬೇರೆ ಯಾರದ್ದಕ್ಕೂ ಬಾಯಿ ಬಿಡಲ್ಲ. ಎಂಟಂಕಿ ಕೋಡ್ ಬೇಕು."

"ನೀವೇ ಹಾಕಿಬಿಡಿ ಮಾರಾಯ್ರೇ."

"ನನ್ನ ಹತ್ರ ಎಲ್ಲಿಂದ ಬರ್ಬೇಕು? ತರಿಸಿಕೊಡೋರು ಒಬ್ರಿದಾರೆ, ಕೇಳ್ತೀನಿ. ಮಧ್ಯಾಹ್ನಕ್ಕೆ ಬರ್ಬಹುದು. ಅಲ್ಲೀವರ್ಗೂ ಮುಟ್ಟದೆ ಜೇಬಲ್ಲಿಟ್ಕೊಳ್ಳಿ. ಹತ್ತೇ ಹತ್ತು ಸಲ ಅವಕಾಶ. ಹತ್ತೂ ತಪ್ಪಿದ್ರೆ ಆಮೇಲೆ ಇದ್ರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು, ಅಷ್ಟೆ."

ಹಂಗಾಮಿ ಒಂಬತ್ತೂ ಐವತ್ತೈದಕ್ಕೆ ಏದುಸಿರು ಬಿಡುತ್ತ ಕಚೇರಿ ಸೇರಿದ. ಅವನ ಮುಖ ನೋಡಿ ಮೊದಲು ಕರಗಿದವನು ತಪಾಲು ವಿಭಾಗದವನು. ಅವನೂ ಹಂಗಾಮಿಯೇ, ಸೇರಿ ನಾಲ್ಕು ವರ್ಷವಾಗಿತ್ತು. ಯಾರಿಗೆ ತಲೆನೋವು ಬಂದರೂ ಮಾತ್ರೆ ತಂದುಕೊಡುವ, ಕೇಳದಿದ್ದರೂ ತಂದುಕೊಡುವ ಜಾತಿಯವನು.

"ಅಯ್ಯೋ, ಅದಕ್ಯಾಕಣ್ಣ ಇಷ್ಟು ಗಾಬ್ರಿ? ನಂದು ಎರಡು ಸಿಮ್ಮಿನ ಫೋನು. ಒಂದು ಮನೆ ಖಾಲಿ ಇದೆ, ನಿಮ್ಮದನ್ನ ಹಾಕಿಡೋಣ. ಆದ್ರೆ ಮೂರಕ್ಕೆ ನಾನು ತಪಾಲು ಹಂಚೋಕೆ ಹೋಗ್ಬೇಕು. ಅಷ್ಟರೊಳಗೆ ನಿಮ್ಮ ಫೋನು ಸರಿ ಮಾಡ್ಕೊಳ್ಳಿ."

ಹಂಗಾಮಿಗೆ ಹೋದ ಜೀವ ಬಂದಂತಾಯಿತು. ತಪಾಲಿನವನ ಮೇಜಿನ ಪಕ್ಕ ಒಂದು ಸ್ಟೂಲು ಎಳೆದುಕೊಂಡು, ಹಾಲು ಕಾಯುವ ಬೆಕ್ಕಿನಂತೆ ಆ ಫೋನನ್ನೇ ನೋಡುತ್ತ ಕೂತ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಿತ್ತು. ಆದರೆ ಟೈಪಿಸ್ಟ್ ಅಮ್ಮ "ಏನಾಯ್ತು?" ಎಂದರು, ಇವನು ಎಂಟು ಮನೆ, ಹತ್ತು ಅವಕಾಶ ಎಲ್ಲವನ್ನೂ ಬಿಡಿಸಿ ಹೇಳಿದ.

ಆ ಕಚೇರಿಯ ಪದ್ಧತಿ ಒಂದಿದೆ. ಯಾವ ಕಾಗದವೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸುಮ್ಮನೆ ಹೋಗುವಂತಿಲ್ಲ. ಮಧ್ಯದಲ್ಲಿ ಕೂತ ಪ್ರತಿಯೊಬ್ಬರೂ ಅದರ ಮೇಲೆ ಏನಾದರೂ ಗೀಚಬೇಕು. ಓದಲೇಬೇಕು ಎಂದೇನಿಲ್ಲ, ಗೀಚಬೇಕು. ಒಡೆದ ಪೈಪಿನ ದೂರು ಈ ಪ್ರಕಾರ ಏಳು ಕೈ ದಾಟುವಷ್ಟರಲ್ಲಿ ಪೈಪಿನ ನೀರು ತಾನಾಗಿಯೇ ನಿಂತಿರುತ್ತಿತ್ತು. ಹೊಸ ಫೋನು ಈ ಪದ್ಧತಿಯ ಬಾಯಿಗೆ ಬಿತ್ತು.

"ಕೊಡಿ ಇಲ್ಲಿ," ಎಂದು ಟೈಪಿಸ್ಟ್ ಅಮ್ಮ ಇಸಕೊಂಡರು.

"ಬೇಡಮ್ಮ, ರಿಪೇರಿಯವನು ಮುಟ್ಟಬೇಡಿ ಅಂದಿದಾನೆ—"

"ಹತ್ತಿದೆಯಲ್ರೀ, ಒಂದು ಹೋದ್ರೆ ಗಂಟೇನು ಹೋಗತ್ತೆ?" ಅವರು ತಮ್ಮ ಮಗ ಹುಟ್ಟಿದ ತಾರೀಕು ಒತ್ತಿದರು. ಅವನು ಹುಟ್ಟಿದ ಮೇಲೆ ತಮಗೆ ಎಲ್ಲವೂ ಒಳ್ಳೆಯದಾಗಿದೆಯಂತೆ. ಫೋನು ಒಮ್ಮೆ ನಡುಗಿ ಒಂಬತ್ತು ಎಂದು ತೋರಿಸಿತು. ತಾರೀಕನ್ನು ತಿರುಗಿಸಿ ಒತ್ತಿದರು. ಎಂಟು.

ಅಲ್ಲಿಂದ ಅದು ಲೆಕ್ಕದವರ ಮೇಜಿಗೆ ಹೋಯಿತು. "ಇಂಥವೆಲ್ಲ ಸುಲಭದ ನಂಬರ್ ಇಟ್ಟಿರ್ತಾರೆ," ಎಂದು ಅವರು ಎಂಟು ಸೊನ್ನೆ ಹಾಕಿದರು. ಆಮೇಲೆ ಎಂಟು ಒಂದು. ಎಂಟು ಎರಡಕ್ಕೆ ಕೈ ಹಾಕುವಾಗ ಹಂಗಾಮಿ ಹೋಗಿ ಅವರ ಕೈ ಹಿಡಿದುಕೊಂಡ.

"ಸಾರ್, ಹೀಗೇ ಹೋದ್ರೆ ಒಂಬತ್ತರವರೆಗೂ ಹಾಕ್ತೀರಿ!"

"ಒಂದು ಕೆಲ್ಸ ಹಿಡಿದ್ರೆ ಅರ್ಧಕ್ಕೆ ಬಿಡೋ ಅಭ್ಯಾಸ ನಂಗಿಲ್ಲ," ಎಂದರು ಲೆಕ್ಕದವರು. ಮುಖ ಊದಿಸಿಕೊಂಡೇ ಎಂಟು ಎರಡನ್ನೂ ಹಾಕಿ ಮುಂದಕ್ಕೆ ತಳ್ಳಿದರು. ಹೆಡ್ ಗುಮಾಸ್ತರು ತಾವು ನಿವೃತ್ತರಾಗುವ ದಿನವನ್ನು ಒತ್ತಿದರು. ಆ ದಿನವೊಂದನ್ನು ಬಿಟ್ಟು ಅವರಿಗೆ ಬೇರೆ ಯಾವ ತಾರೀಕೂ ನೆನಪಿರಲಿಲ್ಲ. ಪಕ್ಕದ ವಿಭಾಗದವರೊಬ್ಬರು ನೀರು ಕುಡಿಯಲು ಬಂದವರು, "ಏನ್ರಯ್ಯಾ ಎಲ್ಲಾ ಗುಂಪು ಸೇರಿದೀರಿ?" ಎಂದು ಕೇಳಿ ತಿಳಿದುಕೊಂಡು, ತಮ್ಮದೂ ಒಂದು ಇರಲಿ ಎಂದು ಒಂದಲ್ಲ ಎರಡು ಹಾಕಿ ನೀರು ಕುಡಿಯದೆ ಹೋದರು.

ಊಟದ ಹೊತ್ತಿಗೆ ಎರಡು ಉಳಿದಿತ್ತು. ಹಂಗಾಮಿಗೆ ಅಳು ಬರುವುದೊಂದು ಬಾಕಿ. ಯಾರಿಗೂ ಅವನ ಮೇಲೆ ದ್ವೇಷವಿರಲಿಲ್ಲ, ಅದೇ ಕಷ್ಟ. ದ್ವೇಷವಿದ್ದರೆ ನಾಲ್ಕು ಮಾತು ಆಡಿ ಕಿತ್ತುಕೊಳ್ಳಬಹುದಿತ್ತು. ಕಾಯಂ ನೌಕರರು ಪ್ರೀತಿಯಿಂದ ಕೈ ಹಾಕಿದಾಗ ಹಂಗಾಮಿಯಾದವನು ನಗಬೇಕು. ಹದಿಮೂರು ವರ್ಷದಲ್ಲಿ ಅವನು ಕಲಿತ ವಿದ್ಯೆಯೆಂದರೆ ಅದೊಂದೇ.

ಗದ್ದಲ ಕೇಳಿ ಸೂಪರಿಂಟೆಂಡೆಂಟ್ ಸಾಹೇಬರು ಬಾಗಿಲಿಗೆ ಬಂದರು. ಫೋನನ್ನು ಕೈಗೆ ತೆಗೆದುಕೊಂಡು, "ಇದನ್ನ ಮೊದಲು ನನ್ನ ಗಮನಕ್ಕೆ ತರಬೇಕಿತ್ತು," ಎಂದರು. ಎಲ್ಲರೂ ತಲೆ ತಗ್ಗಿಸಿದರು. ಸಾಹೇಬರು ತಮ್ಮ ನೇಮಕಾತಿ ಆದೇಶದ ಸಂಖ್ಯೆಯನ್ನು ಗಂಭೀರವಾಗಿ ಒತ್ತಿದರು. ಒಂದು. ಅವರು ಕೆಮ್ಮಿ, "ನನ್ನ ಡ್ರಾಯರಿನಲ್ಲೇ ಇರಲಿ. ಇಲ್ಲಿದ್ರೆ ಹಾಳು ಮಾಡ್ತೀರಿ," ಎಂದು ಒಳಗೆ ಹೋದರು.

ಎರಡೂ ಇಪ್ಪತ್ತಕ್ಕೆ ತಪಾಲಿನವನ ಫೋನು ರಿಂಗಾಯಿತು. "ಅಣ್ಣಾ, ನಿಮ್ಮ ಸಿಮ್ಮಿಗೆ!" ಇಡೀ ಕಚೇರಿ ಉಸಿರು ಬಿಗಿಹಿಡಿಯಿತು. ಹಂಗಾಮಿ ಎದ್ದು ನಿಂತು, ಷರ್ಟು ಸರಿ ಮಾಡಿಕೊಂಡು ಹಲೋ ಎಂದ. "ಸಾರ್, ಕೋಡ್ ಬಂತು, ಬರ್ಕೊಳ್ಳಿ," ಎಂದಿತು ರಿಪೇರಿಯವನ ದನಿ. ಅಷ್ಟಾದರೂ ಬಂತಲ್ಲ ಎಂದು ಎಂಟಂಕಿಯನ್ನು ಅಂಗೈ ಮೇಲೇ ಬರೆದುಕೊಂಡು ಸಾಹೇಬರ ಕೋಣೆಗೆ ಓಡಿದ.

"ಬಾಗಿಲು ಹಾಕ್ಕೊಂಡು ಬನ್ನಿ," ಎಂದರು ಸಾಹೇಬರು. "ಇರೋದು ಒಂದೇ. ಒತ್ತೋದು ನಾನು. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರಬಾರದು. ಅಂಕಿಗಳನ್ನ ಬರಹದಲ್ಲಿ ಕೊಡಿ, ಕೆಳಗೆ ಸಹಿ ಹಾಕಿ."

ಹಂಗಾಮಿ ಬರೆದುಕೊಟ್ಟ. ತಾರೀಕು ಬಿಟ್ಟಿದ್ದೀರಿ ಎಂದರು, ಹಾಕಿದ. ಏಳೋ ಒಂದೋ ಎಂದು ಕೇಳಿದರು, ಏಳು ಎಂದ. ಹಾಗಾದರೆ ಅಕ್ಷರದಲ್ಲೂ ಬರೆಯಿರಿ ಎಂದರು, ಬರೆದ. ಸಾಹೇಬರು ಕನ್ನಡಕ ಒರೆಸಿಕೊಂಡರು. ಒಂದೊಂದು ಅಂಕಿ ಒತ್ತಿದ ಮೇಲೂ ಕಾಗದದಲ್ಲಿ ಅದರ ಮುಂದೆ ಗುರುತು ಹಾಕಿದರು. ಇಪ್ಪತ್ತೈದು ನಿಮಿಷ. ಹೊರಗೆ ಏನಾದರೂ ಸದ್ದಾಯಿತೇ ಎಂದು ಹಂಗಾಮಿಯ ಕಿವಿ ಬಾಗಿಲ ಕಡೆಗೇ ಇತ್ತು. ಆದರೆ ಆ ಬಾಗಿಲು ಸಾಹೇಬರ ಮಧ್ಯಾಹ್ನದ ನಿದ್ದೆಗೆಂದೇ ದಪ್ಪನೆಯ ಬಟ್ಟೆ ಹೊಡೆಸಿದ ಬಾಗಿಲು.

ಬೀಗ ಬಿಚ್ಚಿಕೊಂಡಿತು!

ಹೊರಗೆ ಬಂದಾಗ ಚಪ್ಪಾಳೆಯೋ ಚಪ್ಪಾಳೆ. ತಪಾಲಿನವನು ಸ್ವಲ್ಪ ಬೇಗನೆ ಹೊರಟುಬಿಟ್ಟಿದ್ದ. ಸಿಮ್ಮನ್ನು ಚೀಟಿಯಲ್ಲಿ ಮಡಿಸಿ, ಹಾರಿಹೋಗದಂತೆ ಮೇಲೆ ಒಂದು ಗುಂಡು ಕಲ್ಲಿಟ್ಟು ಹೋಗಿದ್ದ. ಎಂಥ ಮನುಷ್ಯ ಎಂದು ಹಂಗಾಮಿಯ ಕಣ್ಣು ಒದ್ದೆಯಾಯಿತು. ಸಿಮ್ಮು ಹಾಕಿದ. ಸಿಗ್ನಲ್ಲಿನ ಗೆರೆ ಒಂದು, ಎರಡು, ಮೂರು, ನಾಲ್ಕು. ಟೈಪಿಸ್ಟ್ ಅಮ್ಮ ತಮ್ಮ ಫೋನಿನಿಂದ ಕರೆ ಮಾಡಿ ಪರೀಕ್ಷಿಸಿದರು. ರಿಂಗಾಯಿತು. ಎಲ್ಲರೂ ಅವರವರ ಕೋಡೇ ದಾರಿ ಮಾಡಿಕೊಟ್ಟಿತು ಎನ್ನುವಂತೆ ಬೀಗುತ್ತ ಮೇಜಿಗೆ ಮರಳಿದರು.

ಮೂರೂವರೆ ಆಯಿತು. ನಾಲ್ಕಾಯಿತು. ಫೋನು ತೆಪ್ಪಗೆ ಮಲಗಿತ್ತು. ನಾಲ್ಕೂ ಮುಕ್ಕಾಲಿಗೆ ಹಂಗಾಮಿ ತಡೆಯಲಾರದೆ ತಾನೇ ಮುಖ್ಯ ಕಚೇರಿಗೆ ಫೋನು ಮಾಡಿ ಹೆಸರು ಹೇಳಿದ.

"ನೀವಾ?" ಎಂದಿತು ಆ ಕಡೆಯ ಹೆಣ್ಣು ದನಿ. "ಎರಡೂ ನಲವತ್ತಕ್ಕೆ ಮಾತಾಡಿದ್ರಲ್ಲ ಸಾರ್. ಪಟ್ಟಿಯಲ್ಲಿ ಮೊದಲನೇ ಹೆಸರು ನಿಮ್ಮದೇ ಇತ್ತು. ಬೇಡ ಅಂದ್ರಿ, ಬರ್ಕೊಂಡಿದೀನಿ. ಮಂಡಿ ನೋವು ಅಂತ ಹೇಳಿದ್ರಿ. ಈಗ ಹೇಗಿದೆ?"

ಹಂಗಾಮಿ ಫೋನು ಇಟ್ಟ. ಅದೇ ಹೊತ್ತಿಗೆ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ತಪಾಲಿನವನು ಒಳಗೆ ಬಂದ.

"ಅಣ್ಣಾ, ಫೋನು ಸರಿ ಹೋಯ್ತಾ? ಹೇಳೋಣ ಅಂದ್ರೆ ಸಾಹೇಬ್ರ ಬಾಗಿಲು ಹಾಕಿತ್ತು. ಕೊನೇ ಸಲ ಒತ್ತುವಾಗ ಬಾಗಿಲು ಬಡಿದು ಅವರ ಕೈ ತಪ್ಪಿದ್ರೆ ಏನು ಗತಿ ಅಂತ ಸುಮ್ನಾದೆ. ಮುಖ್ಯ ಕಚೇರಿಯವ್ರು ಮಾಡಿದ್ರು. ನಾನಲ್ಲ ಅಂದ್ರೆ ಇಟ್ಬಿಡ್ತಾರಲ್ಲ, ಅದಕ್ಕೆ ನಾನೇ ನೀವು ಅಂದೆ. ಕೆಲ್ಸ ಇಲ್ಲಿ ಅಲ್ವಂತೆ ಅಣ್ಣ, ಅಲ್ಲೆಲ್ಲೋ ಅಣೆಕಟ್ಟಿನ ಹತ್ರ. ದಿನಾ ನಾಲ್ಕು ಮೈಲಿ ನಡೀಬೇಕಂತೆ. ನೀವು ಮೆಟ್ಟಿಲು ಹತ್ತೋಕೇ ಮಂಡಿ ಮಂಡಿ ಅಂತೀರಿ. ಯೋಚ್ನೆ ಮಾಡಿ ಹೇಳ್ತೀನಿ ಅಂದ್ರೆ ಕೇಳ್ಲಿಲ್ಲ, ಈಗ್ಲೇ ಹೇಳಿ ಅಂದ್ರು. ಬೇಡ ಅಂದೆ."

"ಬೇಡ ಅಂದ್ಯಾ?"

"ನಿಮ್ಮ ಆರೋಗ್ಯಕ್ಕಿಂತ ಹೆಚ್ಚಾ ಅಣ್ಣ?" ತಪಾಲಿನವನು ಚೀಲ ಇಳಿಸಿ ಸ್ವಲ್ಪ ಹೊತ್ತು ಅದರ ಪಟ್ಟಿಯನ್ನು ಸರಿ ಮಾಡಿದ. "ಐದೇ ನಿಮಿಷ. ಅದೇ ಫೋನು ಮತ್ತೆ ರಿಂಗಾಯ್ತು, ಈ ಸಲ ನನ್ನ ಸಿಮ್ಮಿಗೆ. ಮುಂದಿನ ಹೆಸರು ನಂದಂತೆ. ನಂಗೇನಣ್ಣ, ಮಂಡಿ ಗಟ್ಟಿ ಇದೆ. ಹೂಂ ಅಂದೆ. ಆ ಹೆಂಗ್ಸು, ನಿಮ್ಮ ದನಿ ಮುಂಚಿನವ್ರ ಥರಾನೇ ಇದೆ ಅಂದ್ಳು. ಒಂದೇ ಕಚೇರಿಯಲ್ಲಿ ಇದ್ದೂ ಇದ್ದೂ ಹಾಗಾಗಿದೆ ಅಂದೆ."

ಕಚೇರಿಯಲ್ಲಿ ಮತ್ತೆ ಚಪ್ಪಾಳೆಯಾಯಿತು, ಈ ಸಲ ತಪಾಲಿನವನಿಗೆ. ಯಾರೋ ಬೆನ್ನು ತಟ್ಟಿದರು. ಸಾಹೇಬರು ಹೊರಗೆ ಬಂದು ಅವನ ಕೈ ಕುಲುಕಿ, ಹಂಗಾಮಿಯ ಕಡೆ ತಿರುಗಿದರು.

"ಇವನು ಹೋದ್ಮೇಲೆ ತಪಾಲೂ ನೀವೇ ನೋಡ್ಕೊಳ್ಳಿ. ಹೊರಗೆ ಓಡಾಡುವಾಗ ಬೇಕಾದ್ರೆ ಕರೆಯೋಕೆ, ಹೇಗೂ ಒಳ್ಳೇ ಫೋನಿದೆಯಲ್ಲ."

ಹಂಗಾಮಿ ನಕ್ಕ. ಆಮೇಲೆ ಫೋನು ತೆಗೆದುಕೊಂಡು ಕಡತಗಳ ಕೋಣೆಗೆ ಹೋದ. ಕಪಾಟುಗಳ ನಡುವೆ ನಿಂತು ಪಕ್ಕದ ಮನೆಯ ನಂಬರು ಒತ್ತಿದ. ಒಂದು ಸಲ ರಿಂಗಾಗುವಷ್ಟರಲ್ಲಿ ಹೆಂಡತಿಯೇ ಎತ್ತಿದಳು.

"ಬಂತಾ? ಏನಂತೆ?"

"ಬಂತು. ಬೇಡ ಅಂದ್ರಂತೆ."

"ಬೇಡ ಅಂದ್ರಾ? ಹದಿಮೂರು ವರ್ಷ ದುಡಿಸ್ಕೊಂಡು ಬೇಡ ಅನ್ನೋಕೆ ಅವ್ರಿಗೆ ಬಾಯಾದ್ರೂ ಹೇಗೆ ಬಂತು? ಯಾರು ಹಾಗಂದಿದ್ದು, ಹೆಸ್ರು ಹೇಳಿ!"

ಅವನು ಅಂಗೈ ಮೇಲಿನ ಎಂಟಂಕಿಯನ್ನು ಷರ್ಟಿಗೆ ಒರೆಸಿಕೊಂಡ.

"ನಾನೇ ಅಂತೆ," ಎಂದ.