ಬಿಚ್ಚಿ ತೋರಿಸಿದ ಬೆರಳು

ಕಲಿತದ್ದು ಮರೆತುಹೋಗುತ್ತದೆ ಎಂದು ಕೊರಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಕಷ್ಟ ಬೇರೆ ಜಾತಿಯದು. ಕಲಿತದ್ದನ್ನು ನಾಲ್ಕು ಜನರಿಗೆ ತೋರಿಸದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಇದು ಬೀಡಿ ಸೇದುವುದಕ್ಕಿಂತ ಕೆಟ್ಟ ಚಟ. ಬೀಡಿ ಸೇದುವವನು ತನ್ನ ಎದೆಯನ್ನು ಸುಟ್ಟುಕೊಳ್ಳುತ್ತಾನೆ, ನಾನು ಹೆಂಡತಿಯ ಬೆರಳು ಹಾಳುಮಾಡಿದೆ. ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಕೂಡಿದ ವರ್ಷದ ಮಾತು ಇದು. ರಾಜ್ಯ ಕೂಡಿತು, ಬೆರಳು ಕೂಡಲಿಲ್ಲ.

ಆಗ ನಾನು ಭಾಲ್ಕಿಯಲ್ಲಿ ಮಾಸ್ತರ. ಪ್ರಥಮ ಚಿಕಿತ್ಸೆಯ ತರಬೇತಿಗೆಂದು ನನ್ನನ್ನು ಹತ್ತು ದಿನ ಬೀದರಿಗೆ ಕಳಿಸಿದ್ದರು. ಪಾಠವೆಲ್ಲ ಉರ್ದುವಿನಲ್ಲಿ. ಹಾವು ಕಡಿದರೆ ಏನು, ನೀರಿಗೆ ಬಿದ್ದರೆ ಏನು ಎಂಬುದೆಲ್ಲ ಬಂದ ದಾರಿಯಲ್ಲೇ ಹೋಯಿತು. ತಲೆಯಲ್ಲಿ ಉಳಿದದ್ದು ಒಂದೇ, ಮುರಿದ ಎಲುಬಿಗೆ ಬಿದಿರಿನ ದಬ್ಬೆ ಕಟ್ಟುವುದು. ಊರಿಗೆ ಬಂದವನೇ ಮೇದಾರರ ಕಡೆಯಿಂದ ಬಿದಿರು ತಂದೆ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದೆ, ಬೆರಳಿಗೊಂದು, ಮುಂಗೈಗೊಂದು, ಕಾಲಿಗೊಂದು ಎಂದು ಅಳತೆಯಾಗಿ ಕತ್ತರಿಸಿ, ಹಳೆಯ ಧೋತರದ ಪಟ್ಟಿಗಳ ಜೊತೆ ಚೀಲದಲ್ಲಿಟ್ಟುಕೊಂಡೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಅಂದಿನಿಂದ ಯಾರಾದರೂ ಬೇವಿನ ಮರ ಹತ್ತಿದರೆ ಕೆಳಗೆ ಹೋಗಿ ನಿಲ್ಲುತ್ತಿದ್ದೆ. ಅವರು ಬೀಳಲಿ ಎಂದು ನಾನು ಬಯಸಿದವನಲ್ಲ. ಬಿದ್ದರೆ ನಾನು ಹತ್ತಿರವಿರಲಿ ಎಂದಷ್ಟೇ ನನ್ನ ಆಸೆ. ಮೂರು ತಿಂಗಳಲ್ಲಿ ಭಾಲ್ಕಿಯ ಒಬ್ಬ ಮನುಷ್ಯನೂ ಕೈಕಾಲು ಮುರಿದುಕೊಳ್ಳಲಿಲ್ಲ. ಪಕ್ಕದ ಮನೆಯ ಬಟ್ಟೆ ಅಂಗಡಿ ವೈಜಿನಾಥಪ್ಪ ನನಗೆ ದಬ್ಬಿ ಮಾಸ್ತರ ಎಂದು ಹೆಸರಿಟ್ಟ. "ಊರಾಗ ಯಾರೂ ಬೀಳವಲ್ರು ಮಾಸ್ತರ್. ನಿಮ್ಮ ದಬ್ಬಿಗಿ ಹುಳಾ ಹತ್ತತಾವ ನೋಡ್ರಿ" ಎನ್ನುತ್ತಿದ್ದ.

ಕೊನೆಗೆ ಗಿರಾಕಿ ಸಿಕ್ಕಿದ್ದು ಮನೆಯಲ್ಲೇ. ನನ್ನ ಹೆಂಡತಿ ಗುರಮ್ಮ ರೊಟ್ಟಿಗೆ ಹೆಸರಾದವಳು. ಅವಳು ಬಡಿದ ಜೋಳದ ರೊಟ್ಟಿ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಆಚೆಯ ಕೈ ಕಾಣುತ್ತಿತ್ತು. ಎಳ್ಳಮಾಸಿ ಹಬ್ಬ ಬಂತೆಂದರೆ ಔರಾದಿನ ಅವಳ ತವರಿನವರು ಒಂದು ವಾರ ಮೊದಲೇ ಕರೆಯಲು ಬರುತ್ತಿದ್ದರು. ಹೊಲದ ಊಟಕ್ಕೆ ಸಜ್ಜೆ ರೊಟ್ಟಿಯ ರಾಶಿ ಅವಳ ಕೈಯಿಂದಲೇ ಆಗಬೇಕು. ಅಂಥವಳು ಒಂದು ಮುಂಜಾನೆ ಟ್ರಂಕಿನೊಳಗೆ ಕೌದಿ ತುರುಕುವಾಗ ಬಲಗೈಯ ನಡುಬೆರಳಿನ ತುದಿಯನ್ನು ಅಂಚಿಗೆ ಬಡಿಸಿಕೊಂಡಳು.

"ಏನ್ರಿ, ಈ ಬೆರಳಿನ ತುದಿ ಮ್ಯಾಲ ಏಳವಲ್ದು" ಎಂದು ಬಂದು ತೋರಿಸಿದಳು. ಮೇಲಿನ ಗೆಣ್ಣಿನಿಂದ ಆಚೆ ಬೆರಳು ತಲೆ ತಗ್ಗಿಸಿಕೊಂಡು ನಿಂತಿತ್ತು. ಇನ್ನೊಂದು ಕೈಯಿಂದ ಎತ್ತಿದರೆ ಏಳುತ್ತದೆ, ಬಿಟ್ಟರೆ ಬೀಳುತ್ತದೆ.

"ನೂಸ್ತದೇನ?"

"ಅಷ್ಟೇನ್ ನೂಸಂಗಿಲ್ರಿ."

ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ನನಗೆ ಸಂತೋಷವಾಗಿತ್ತು. ತರಬೇತಿಯಲ್ಲಿ ಹೇಳಿದ್ದು ಅಕ್ಷರ ಅಕ್ಷರ ನೆನಪಿತ್ತು. ಬೆರಳ ತುದಿಯನ್ನು ಎತ್ತಿ ಹಿಡಿಯುವ ನರ ಹರಿದಿದೆ, ತುದಿ ನೆಟ್ಟಗಿರುವಂತೆ ದಬ್ಬೆ ಕಟ್ಟಬೇಕು, ಆರು ವಾರ ಒಂದು ಗಳಿಗೆಯೂ ಅದು ಬೀಳಬಾರದು, ಪಟ್ಟಿ ಬದಲಿಸುವಾಗಲೂ ತುದಿಗೆ ಆಸರೆ ಕೊಟ್ಟೇ ಬದಲಿಸಬೇಕು. ಇದನ್ನೆಲ್ಲ ಗುರಮ್ಮನಿಗೆ ದೊಡ್ಡ ದನಿಯಲ್ಲಿ ವಿವರಿಸಿ, ನುಣುಪಾದ ದಬ್ಬೆಯನ್ನು ಆರಿಸಿ ಕಟ್ಟಿದೆ. ಅಂಥ ಕಟ್ಟು ನಾನು ಮತ್ತೆ ಕಟ್ಟಿಲ್ಲ.

ಆ ದಿನಗಳಲ್ಲಿ ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ರಾಜ್ಯದ್ದೇ ಮಾತು. ಅದೇ ಸಂಜೆ ವೈಜಿನಾಥಪ್ಪ ತಕರಾರು ತೆಗೆದ. "ಇಷ್ಟು ದಿನ ಹೈದರಾಬಾದ್ ಕಡಿ ಇದ್ದವರು ನಾವು. ಮೈಸೂರಿಗಿ ಹ್ಯಾಂಗ ಹತ್ತತೇವ್ರಿ ಮಾಸ್ತರ್?" ಉತ್ತರ ಬಾಯಲ್ಲಿರಲಿಲ್ಲ, ಒಳಗೆ ಅಡುಗೆಮನೆಯಲ್ಲಿತ್ತು. ಗುರಮ್ಮನನ್ನು ಕರೆದೆ. ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಪಟ್ಟಿ ಬಿಚ್ಚಿದೆ. "ನೋಡ್ರಿ, ಈಗ ಬಿತ್ತು. ದಬ್ಬಿ ಇಟ್ಟೆ, ನೆಟ್ಟಗಾತು. ಹಿಂಗ ಆರು ವಾರ ಇದ್ರ ತಾನೇ ಹತ್ತತದ. ರಾಜ್ಯನೂ ಹಿಂಗೇ ರಿ" ಎಂದೆ. ಕಟ್ಟೆಯ ಮೇಲಿದ್ದವರೆಲ್ಲ ತಲೆದೂಗಿದರು. ವೈಜಿನಾಥಪ್ಪನೂ ತೂಗಿದ. ಅದೇ ನನಗೆ ಮುಳುವಾಯಿತು. ಮರುದಿನ ಸಂಜೆ ಬೇರೆ ಇಬ್ಬರು ಬಂದರು, ಮತ್ತೆ ಬಿಚ್ಚಿದೆ. ಮನ್ನಳ್ಳಿಯಿಂದ ಬಂದ ಬೀಗರಿಗೂ ಬಿಚ್ಚಿ ತೋರಿಸಿದೆ. ಗುರಮ್ಮ ಒಂದೇ ಸಲ ಬಾಯಿ ಬಿಟ್ಟಳು. "ಬಿಚ್ಚಬಾರದು ಅಂತ ನೀವೇ ಹೇಳಿದ್ರಲ್ರಿ."

"ಒಂದ್ ಗಳಿಗಿ ಬಿಚ್ಚಿದ್ರ ಏನಾಗ್ತದ" ಎಂದೆ. ಆಮೇಲೆ ಅವಳು ಕೇಳಲಿಲ್ಲ. ಕರೆದಾಗಲೆಲ್ಲ ಬಂದು ಕೈ ಚಾಚಿ, ಮುಖವನ್ನು ಬೇರೆ ಕಡೆ ತಿರುಗಿಸಿ ನಿಲ್ಲುತ್ತಿದ್ದಳು.

ಆರು ವಾರ ಮುಗಿಯುವ ಹೊತ್ತಿಗೆ ರಾಜ್ಯ ಕೂಡುವ ದಿನ ಬಂತು. ದಬ್ಬೆಯ ಚೀಲ ಹೆಗಲಿಗೆ ಹಾಕಿಕೊಂಡು ಬೀದರಿಗೆ ಹೋದೆ. ಆ ಜನಜಾತ್ರೆಯಲ್ಲಿ ಒಬ್ಬರಾದರೂ ಎಡವಿ ಬೀಳದಿರುತ್ತಾರೆಯೇ ಎಂದು ಇಡೀ ದಿನ ಬಿಸಿಲಲ್ಲಿ ನಿಂತೆ. ಯಾರೂ ಬೀಳಲಿಲ್ಲ. ತಿರುಗಿ ಬರುವಾಗ ನೌಬಾದದಲ್ಲಿ ನೀರು ಕುಡಿಯಲು ಇಳಿದವನು ಬಸ್ಸು ಹತ್ತುವ ಗಡಿಬಿಡಿಯಲ್ಲಿ ಕಬ್ಬಿಣದ ಮೆಟ್ಟಿಲಿಗೆ ಕಾಲು ಬಡಿಸಿಕೊಂಡೆ. ಮೊಣಕಾಲಿನ ಕೆಳಗೆ ಮುಂದುಗಡೆ, ಬರೀ ತೊಗಲು ಮತ್ತು ಎಲುಬು ಇರುವ ಜಾಗ. ತೊಗಲು ಕಿತ್ತು ಬಂದಿತ್ತು, ಎಲುಬಿಗೆ ಏನೂ ಆಗಿರಲಿಲ್ಲ. ಆದರೆ ಚೀಲದಲ್ಲಿ ದಬ್ಬೆ ಇರುವಾಗ ಕೈ ಕೇಳಬೇಕಲ್ಲ. ತೊಡೆಯಿಂದ ಹಿಮ್ಮಡಿಯವರೆಗೆ ಬಿಗಿದೆ. ಬಸ್ಸಿನಲ್ಲಿ ಕಾಲು ಮಡಿಸಲಾಗದೆ ದಾರಿಗೆ ಅಡ್ಡ ಚಾಚಿಕೊಂಡು ಕುಳಿತೆ. ಹತ್ತುವವರು ಇಳಿಯುವವರು ಎಲ್ಲರೂ ಅದನ್ನು ದಾಟಿಕೊಂಡು ಹೋದರು. ಭಾಲ್ಕಿಯಲ್ಲಿ ಇಳಿಯುವಾಗ ಕೋಲಿನಂತೆ ನೆಟ್ಟಗೆ ಬಿದ್ದೆ. ಎತ್ತಿದವನು ವೈಜಿನಾಥಪ್ಪ. "ನೀವರೇ ಬಿದ್ರಲ್ಲ, ಬಿಡ್ರಿ. ದಬ್ಬಿ ಋಣಾ ತೀರ್ತು" ಎಂದ.

ನಾಲ್ಕು ದಿನಕ್ಕೆ ಕಾಲು ಬಾತು ಗಾಯ ಕೆಂಪಾಯಿತು. ಬೀದರಿನ ದವಾಖಾನೆಗೆ ಹೊರಟೆ. ನನಗೆ ಹೆಗಲು ಕೊಡಲು ಗುರಮ್ಮ ಜೊತೆಗೆ ಬಂದಳು. ನೆನಪಿರಲಿ, ಹೋದದ್ದು ನನ್ನ ಕಾಲಿಗಾಗಿ. ಅಲ್ಲಿ ಮೈಸೂರು ಕಡೆಯಿಂದ ಹೊಸದಾಗಿ ಬಂದ ಡಾಕ್ಟರು ಇದ್ದರು. ನನ್ನ ದಬ್ಬೆಗಳನ್ನು ಒಂದೊಂದಾಗಿ ಬಿಚ್ಚಿ ಪಕ್ಕಕ್ಕಿಟ್ಟು, ಗಾಯ ತೊಳೆದು, "ಇದಕ್ಕೆ ಕಟ್ಟಬೇಕಾಗೇ ಇರಲಿಲ್ಲ. ಮನೇಲಿ ಕಾಲು ಎತ್ತರಕ್ಕಿಟ್ಟುಕೊಳ್ಳಿ, ವಾಸಿಯಾಗುತ್ತೆ" ಎಂದರು. ಆಮೇಲೆ ನನ್ನ ಚೀಲ ಹಿಡಿದುಕೊಂಡು ನಿಂತಿದ್ದ ಗುರಮ್ಮನ ಕೈ ಅವರ ಕಣ್ಣಿಗೆ ಬಿತ್ತು. ಆರು ವಾರ ಮುಗಿದು ಪಟ್ಟಿ ತೆಗೆದಿದ್ದೆವು, ತುದಿ ಮೊದಲಿನಂತೆಯೇ ಬಾಗಿತ್ತು. "ಬೆರಳಿಗೇನಮ್ಮ?"

ನಾನೇ ಹೇಳಿದೆ. ಕಟ್ಟಿದ್ದು ಹೇಳಿದೆ, ಕಟ್ಟೆಯ ಮಾತು ಹೇಳಿದೆ, ಬಿಚ್ಚಿದ್ದೂ ಹೇಳಿದೆ. ಡಾಕ್ಟರು ಬೆರಳನ್ನು ಎತ್ತಿ ಬಿಟ್ಟರು. ಅದು ಬಿತ್ತು. ನನ್ನ ಮುಖ ನೋಡಿ ಅವರು, "ಬೇಡದ ಕಡೆ ಕಟ್ಟಿದ್ದೀರಿ, ಬೇಕಾದ ಕಡೆ ಬಿಚ್ಚಿದ್ದೀರಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಡವಾಗಿದೆ. ಆದರೂ ಮೊದಲಿಂದ ಕಟ್ಟಿ ನೋಡಬಹುದಮ್ಮ. ಎರಡು ತಿಂಗಳು ಬಿಚ್ಚೋ ಹಾಗಿಲ್ಲ" ಎಂದು ಗುರಮ್ಮನಿಗೆ ಹೇಳಿದರು.

"ಬ್ಯಾಡ್ರಿ ಸಾಹೇಬ್ರ" ಎಂದಳು ಗುರಮ್ಮ. "ಮತ್ತ ಕಟ್ಟಿದ್ರ ಇವ್ರು ಮತ್ತ ಬಿಚ್ಚತಾರ."

ನಾನು ಬಿಚ್ಚುವುದಿಲ್ಲ ಎಂದು ಹೇಳಬೇಕಾಗಿತ್ತು. ಆದರೆ ಅವಳು ಹೇಳಿದ್ದು ನಿಜ.

ಆ ವರ್ಷ ಎಳ್ಳಮಾಸಿಗೆ ಔರಾದಿನಿಂದ ಕರೆ ಬಂತು, ಆದರೆ ರೊಟ್ಟಿಗಲ್ಲ. "ಅಕ್ಕಾ, ನೀ ಕುಂದ್ರು, ಸಣ್ಣಾಕಿ ಬಡೀತಾಳ" ಎಂದು ಅವಳ ತಮ್ಮ ತನ್ನ ಹೆಂಡತಿಯ ಕಡೆ ಕೈಮಾಡಿ ಪ್ರೀತಿಯಿಂದಲೇ ಹೇಳಿದ. ಗುರಮ್ಮ ಹೊಲದ ಬದುವಿನ ಮೇಲೆ ಕೈ ಸೆರಗಿನೊಳಗಿಟ್ಟುಕೊಂಡು ಇಡೀ ದಿನ ಕುಳಿತಿದ್ದಳು. ಈಗ ಅವಳು ರೊಟ್ಟಿ ಬಡಿಯುವಾಗ ಬಾಗಿದ ತುದಿ ಉಳಿದ ಬೆರಳಿಗಿಂತ ಮೊದಲೇ ಹಿಟ್ಟಿಗೆ ಚುಚ್ಚುತ್ತದೆ. ತೆಳುವಾದರೆ ಹರಿಯುತ್ತದೆಂದು ದಪ್ಪ ಬಡಿಯುತ್ತಾಳೆ. ರೊಟ್ಟಿ ತಿರುಗಿದಂತೆ ಅದರ ಸುತ್ತಲೂ ಸಣ್ಣ ಸಣ್ಣ ತಗ್ಗು ಬೀಳುತ್ತವೆ.

ಮೊನ್ನೆ ವೈಜಿನಾಥಪ್ಪ ನಮ್ಮಲ್ಲಿ ಊಟಕ್ಕೆ ಕುಳಿತಿದ್ದ. ರೊಟ್ಟಿ ತಿರುಗಿಸಿ ನೋಡಿ, "ಇವೇನ್ ಗುರ್ತ್ರಿ ಅಕ್ಕೋರೆ?" ಎಂದ.

"ಮಾಸ್ತರ ಸರ್ಟಿಫಿಕೇಟ್ ರಿ" ಎಂದಳು ಗುರಮ್ಮ, ಅವನಿಗೆ ಪಲ್ಯ ಬಡಿಸುತ್ತ. "ಗ್ವಾಡಿ ಮ್ಯಾಲಿಂದಕ್ಕ ಗೆದ್ಲ ಹತ್ಯಾದ. ಇದು ದಿನಾ ಹೊಸಾದು ಬರ್ತದ."

ವೈಜಿನಾಥಪ್ಪ ನಕ್ಕ. ನಾನೂ ನಕ್ಕೆ. ಆಮೇಲೆ ತಗ್ಗಿಲ್ಲದ ಒಂದು ಅಂಚು ಹುಡುಕುತ್ತ ನನ್ನ ರೊಟ್ಟಿಯನ್ನು ತಾಟಿನಲ್ಲಿ ಒಂದು ಸುತ್ತು ತಿರುಗಿಸಿದೆ. ಎಲ್ಲಿಯೂ ಇರಲಿಲ್ಲ. ಕೈಗೆ ಬಂದ ಕಡೆಯಿಂದ ಮುರಿದುಕೊಂಡು ಉಂಡೆ.